ಮಗದಾನ್‌ನಿಂದ ಇಪ್ಪತ್ತಾರು ಗಂಟೆ

ಹನ್ನೊಂದು ವರ್ಷ ನಾನು ಒಂದು ಕಿಟಕಿಯ ಹಿಂದೆ ಕೂತು "ಸೀಟಿಲ್ಲ" ಎಂದು ಹೇಳುವ ಕೆಲಸ ಮಾಡಿದ್ದೇನೆ. ಹೆಂಡತಿಯ ಹೆಸರು ಹಿಡಿದು ಕರೆದದ್ದಕ್ಕಿಂತ ಹೆಚ್ಚು ಸಲ ಆ ಮಾತು ನನ್ನ ಬಾಯಿಂದ ಬಂದಿದೆ. ನಮ್ಮ ಬೆಟ್ಟದ ಜಿಲ್ಲೆಯ ಪುಟ್ಟ ವಿಮಾನ ನಿಲ್ದಾಣ ಅದು. ನಮ್ಮ ಗಣರಾಜ್ಯದ ರಾಜಧಾನಿ ಫ್ರುಂಜೆಗೆ ದಿನಕ್ಕೆ ಎರಡು ಸಲ ಸಣ್ಣ ವಿಮಾನ, ನಲವತ್ತೈದು ನಿಮಿಷದ ದಾರಿ. ಅದರಾಚೆಯ ಲೋಕವೆಲ್ಲ ನನ್ನ ಮೇಜಿನ ಮೇಲಿದ್ದ ದಪ್ಪ ವೇಳಾಪಟ್ಟಿಯೊಳಗಿತ್ತು. ಯಾವ ಊರಿಂದ ಯಾವ ಊರಿಗೆ ಎಷ್ಟು ದೂರ, ಎಲ್ಲಿ ಇಳಿಯಬೇಕು, ಎಲ್ಲಿ ಎಷ್ಟು ಹೊತ್ತು ಬೆಂಚಿನ ಮೇಲೆ ಕಾಯಬೇಕು, ಎಲ್ಲ ನನಗೆ ಬಾಯಿಪಾಠ. ಕೇಳಿದವರಿಗೆ ಗಂಟೆ ನಿಮಿಷ ಸಮೇತ ಹೇಳುತ್ತಿದ್ದೆ, ಆಮೇಲೆ ಸೀಟಿಲ್ಲ ಅನ್ನುತ್ತಿದ್ದೆ.

ಸೀಟು ಇರಲೇ ಇಲ್ಲ ಎಂದಲ್ಲ. ಪ್ರತಿ ವಿಮಾನದಲ್ಲೂ ಎರಡು ಮೂರು ಸೀಟು ಎತ್ತಿಟ್ಟಿರುತ್ತಿದ್ದೆವು. ವೈದ್ಯರ ಮೊಹರು ಬಿದ್ದ ಸಾವಿನ ತಂತಿ ಹಿಡಿದು ಬಂದವರಿಗೆ ಅವು. ಕಾಯಿಲೆಯ ತಂತಿಗೂ ಕೊಡಬೇಕು ಎಂದು ನಿಯಮದಲ್ಲೇನೋ ಇತ್ತು. ಆದರೆ ಅಕ್ಟೋಬರ್ ಬಂತೆಂದರೆ ಪ್ರತಿಯೊಬ್ಬನ ಜೇಬಿನಲ್ಲೂ ಒಂದು ಕಾಯಿಲೆಯ ತಂತಿ ಇರುತ್ತಿತ್ತು, ಯಾರಿಗೆ ಅಂತ ಕೊಡುವುದು? ಕಾಯಿಲೆಯವರನ್ನು ಸಾಲಿಗೆ ಕಳಿಸುತ್ತಿದ್ದೆ, ಸಾವಿನವರನ್ನು ಒಳಗೆ ಕರೆಯುತ್ತಿದ್ದೆ. ಇದರಲ್ಲಿ ನನಗೆ ನಾಚಿಕೆಯಾದದ್ದು ನನ್ನ ಮನೆಯ ತಂತಿ ಬರೆಯಬೇಕಾಗಿ ಬಂದಾಗ ಮಾತ್ರ.

ನಮ್ಮವರು ಸಾವಿನ ಸುದ್ದಿಯನ್ನು ತಂತಿಯಲ್ಲಿ ಕಳಿಸುವುದಿಲ್ಲ. ದೂರದಲ್ಲಿ ಒಂಟಿಯಾಗಿರುವ ಜೀವದ ಎದೆ ಒಡೆಯಬಾರದು ಎಂದು "ಸ್ವಲ್ಪ ಹುಷಾರಿಲ್ಲ, ಬಾ" ಎಂದಷ್ಟೇ ಬರೆಯುತ್ತೇವೆ. ಬಂದ ಮೇಲೆ ಹಿರಿಯರು ಸುತ್ತ ಕೂತು, ತೋಳು ಹಿಡಿದು, ಮೆಲ್ಲಗೆ ಹೇಳುತ್ತಾರೆ. ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗಲೂ ನನ್ನ ತಂಗಿ ಜಿಪಾರ್‌ಗೆ ಹಾಗೇ ಬರೆದೆವು. ಅವಳು ಇದ್ದದ್ದು ಮಗದಾನ್‌ನಲ್ಲಿ, ಭೂಮಿಯ ಆ ತುದಿಯ ಸಮುದ್ರದ ಪಕ್ಕ, ಒಂದು ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ. ಬಹಳ ವರ್ಷ ರಷ್ಯನ್ನರ ನಡುವೆ ಇದ್ದವಳು, ಬರೆದದ್ದನ್ನು ಬರೆದ ಹಾಗೇ ಓದಿದಳು. ಸಂಬಳದ ದಿನದವರೆಗೂ ಕಾದಳು. ಒಂದು ಚೀಲ ಔಷಧಿ ಕೊಂಡಳು. ಒಂಬತ್ತನೆಯ ದಿನ ಆ ಚೀಲ ಹಿಡಿದು ಅಂಗಳಕ್ಕೆ ಬಂದು ನಿಂತಳು.

ಹಿರಿಯರು ಅವಳ ತೋಳು ಹಿಡಿಯುವ ಮೊದಲೇ ಅವಳಿಗೆ ಗೊತ್ತಾಗಿಹೋಯಿತು. ನೇರ ನನ್ನ ಹತ್ತಿರ ಬಂದಳು.

"ನೀನು ವಿಮಾನದ ಗಂಟೆ ಲೆಕ್ಕ ಹಾಕೋನು ಅಲ್ವೇನೋ? ಒಂದು ಮಾತು ನಿಜ ಬರ್ದಿದ್ರೆ ಮೂರನೇ ದಿನಕ್ಕೆ ಇಲ್ಲಿರ್ತಿದ್ದೆ. ಅಮ್ಮನ ಮುಖ ನೋಡ್ತಿದ್ದೆ. ಸತ್ತಿದ್ರೆ ಸತ್ತಿದ್ದಾರೆ ಅಂತ ಬರಿ, ಬದುಕಿದ್ರೆ ಬದುಕಿದ್ದಾರೆ ಅಂತ ಬರಿ. ಅಷ್ಟು ಕಷ್ಟಾನಾ?"

ಕಷ್ಟವೇ. ಆ ತಂತಿ ಬರೆಸಿದ್ದು ಅಪ್ಪ. ನಾನು ಬಾಯಿ ತೆರೆದೆ, ಅಪ್ಪ ಗೋಡೆ ನೋಡುತ್ತಿದ್ದರು, ಮುಚ್ಚಿಕೊಂಡೆ. ಅವಳು ಮೂರು ದಿನವಿದ್ದು ಹೋದಳು. ಆಮೇಲೆ ಆರು ವರ್ಷ ಬರಲಿಲ್ಲ. ಹಬ್ಬಕ್ಕೆ ಅಪ್ಪನಿಗೆ ಒಂದು ಕಾಗದ, ನನಗೆ ಒಂದು ಸಾಲೂ ಇಲ್ಲ.

ಎಂಬತ್ತನಾಲ್ಕರ ಅಕ್ಟೋಬರ್ ಎಂಟನೇ ತಾರೀಕು, ಸೋಮವಾರ ಸಾಯಂಕಾಲ, ನಮ್ಮ ಊರಿನ ಡಾಕ್ಟರಮ್ಮ ಫ್ರೀಡಾ ಅಪ್ಪನ ಎದೆಗೆ ಕಿವಿಯಿಟ್ಟು ಕೇಳಿ ನನ್ನನ್ನು ಹೊರಗೆ ಕರೆದರು. ಡಾಕ್ಟರಮ್ಮ ಜರ್ಮನ್ ಹೆಂಗಸು, ಯುದ್ಧದ ಕಾಲದಲ್ಲಿ ಸರ್ಕಾರ ಗಡೀಪಾರು ಮಾಡಿ ಇಲ್ಲಿಗೆ ತಂದು ಇಳಿಸಿದವರ ಪೈಕಿ. ನಮ್ಮ ಭಾಷೆಯನ್ನು ನಮಗಿಂತ ಖಾರವಾಗಿ ಆಡುತ್ತಿದ್ದರು.

"ಎದೆಯಲ್ಲಿ ನೀರು ತುಂಬಿದೆ ತೊಲೊಮುಷ್. ನಾಲ್ಕು ದಿನ ಅಂದ್ರೆ ಜಾಸ್ತಿ ಹೇಳಿದ ಹಾಗೆ. ಯಾರಿಗೆ ಹೇಳ್ಬೇಕೋ ಹೇಳ್ಬಿಡು."

ಒಳಗೆ ಹೋದಾಗ ಅಪ್ಪ ದಿಂಬಿಗೊರಗಿ ಕೂತಿದ್ದರು. ಮೂವತ್ತು ವರ್ಷ ಸಾಮೂಹಿಕ ಫಾರಮ್ಮಿನ ಕುದುರೆ ಕಾದ ಮನುಷ್ಯ, ಮಲಗಿ ಮಾತಾಡುವುದು ಅವಮಾನ ಅವರಿಗೆ.

"ಏನಂತೆ ಆ ಜರ್ಮನ್ ಅಮ್ಮ? ಹೋಗ್ತೀನಂತಾ?"

"ಸ್ವಲ್ಪ ಹುಷಾರಿಲ್ಲ ಅಂತೆ."

ಅಪ್ಪ ನಕ್ಕರು, ಕೆಮ್ಮಿದರು. "ಜಿಪಾರ್‌ನ ಕರೆಸು. ಆ ತಂತಿ ಬರೆಸಿದ್ದು ನಾನು ಅಂತ ಅವಳಿಗೆ ಹೇಳ್ಬೇಕು. ಅವಳ ಬಾಯಿಂದ ಮನ್ನಿಸಿದೆ ಅಂತ ಕೇಳ್ಬೇಕು. ಅದೊಂದು ಕೇಳದೆ ನಾನು ಹೋಗೋದು ಹೆಂಗೆ?"

ನಮ್ಮಲ್ಲಿ ಹೋಗುವವರು ಇರುವವರಿಂದ ಕೇಳಿಕೊಂಡು ಹೋಗಬೇಕಾದ ಮಾತು ಅದು. ನನ್ನಿಂದ ಆದದ್ದನ್ನೆಲ್ಲ ಮನ್ನಿಸಿದೆಯಾ ಎಂದು ಇವರು ಕೇಳಬೇಕು, ಮನ್ನಿಸಿದೆ, ನೀನೂ ನನ್ನನ್ನು ಮನ್ನಿಸು ಎಂದು ಅವರು ಹೇಳಬೇಕು. ಅದಾಗದೆ ಹೋದವರ ವಿಷಯ ನಮ್ಮ ಹೆಂಗಸರು ವರ್ಷಗಟ್ಟಲೆ ನೆನೆದು ಅಳುತ್ತಾರೆ. ಅಮ್ಮ ಹಾಗೆ ಹೋದವಳು.

ಈಗ ನಾನು ಏನು ಬರೆಯಬೇಕಿತ್ತು? "ಅಪ್ಪನಿಗೆ ಹುಷಾರಿಲ್ಲ" ಎಂದರೆ ಸತ್ತಿದ್ದಾರೆ ಎಂದೇ ಅವಳು ಓದುತ್ತಾಳೆ, ಈ ಸಲ ಕಲಿತಿದ್ದಾಳೆ. ಅದು ಹೋಗಲಿ, ಆ ತಂತಿಗೆ ಸೀಟು ಸಿಗುವುದಿಲ್ಲ. ಉತ್ತರದಲ್ಲಿ ದುಡಿಯುವವರೆಲ್ಲ ರಜೆಗೆ ಇಳಿಯುವ ತಿಂಗಳು ಅದು, ಸಾಲಿನಲ್ಲಿ ನಿಂತರೆ ಹತ್ತು ದಿನ. ನಾನು ಡಾಕ್ಟರಮ್ಮನ ಮನೆಗೆ ಹೋಗಿ ಅವರ ಮೇಜಿನೆದುರು ಕೂತು, ಅಪ್ಪ ತೀರಿಕೊಂಡರು ಎಂದು ಬರೆದು ಮೊಹರು ಒತ್ತಿ ಎಂದೆ.

"ತಲೆ ಕೆಟ್ಟಿದೆಯಾ ನಿನಗೆ? ಬದುಕಿರೋನನ್ನ ಪೆನ್ನಲ್ಲಿ ಸಾಯಿಸು ಅಂತೀಯಾ?"

"ನಾಲ್ಕು ದಿನದಲ್ಲಿ ನಿಮ್ಮ ಕಾಗದ ನಿಜ ಆಗತ್ತಲ್ಲ ಡಾಕ್ಟರಮ್ಮ. ನಾಲ್ಕು ದಿನ ಮುಂಚೆ ಒತ್ತಿ ಅಂತಿದ್ದೀನಿ, ಅಷ್ಟೆ."

ಅವರು ಕಾಗದ ಎಳೆದುಕೊಂಡರು. ಅವರಿಗೂ ಸಾಕಾಗಿತ್ತು. ಆ ವರ್ಷ ಊರಿನಲ್ಲಿ ಎಷ್ಟು ಜನರ ಕಣ್ಣು ಮುಚ್ಚಿದ್ದರೋ. ಬರೆದರು, ಒತ್ತಿದರು. ತಾರೀಕು ಅವತ್ತಿನದೇ, ಸೋಮವಾರದ್ದು. ಅಂಚೆ ಕಚೇರಿ ಮುಚ್ಚಿತ್ತು. ಮಂಗಳವಾರ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ತಂತಿ ಕೊಟ್ಟೆ.

ಅಪ್ಪನ ತಂಗಿ ಸೈರಾ ಅತ್ತೆಗೆ ಮಾತ್ರ ಹೇಳಿದೆ. ಅತ್ತೆ ನನ್ನ ಬೆನ್ನಿಗೆ ಒಂದು ಗುದ್ದಿದಳು.

"ಬಾಯಿಗೆ ಮಣ್ಣು ಬೀಳ! ಜೀವ ಇರೋನನ್ನ ಸತ್ತ ಅಂತ ಬರ್ದು ಕಳ್ಸಿದ್ಯಾ? ನಮ್ಮಲ್ಲಿ ಸತ್ತೋರನ್ನೇ ಹಾಗೆ ಬರೆಯಲ್ವಲ್ಲೋ!"

"ಬರ್ತಾಳೆ ಅತ್ತೆ. ಬಂದ್ಮೇಲೆ ನನ್ನ ಹೊಡೀಲಿ."

ಮಂಗಳವಾರ ಇಡೀ ದಿನ ಅಪ್ಪನಿಗೆ ಒಂದೇ ಪ್ರಶ್ನೆ. ನಾನು ಶಾಲೆಯಿಂದ ಭೂಪಟದ ಪುಸ್ತಕ ತಂದು ಅವರ ಹಾಸಿಗೆಯ ಮೇಲೆ ಬಿಡಿಸಿಟ್ಟಿದ್ದೆ. ಅದು ನನ್ನ ಎರಡನೆಯ ಸುಳ್ಳು. ಅವಳು ಹೊರಟಾಯಿತು ಎಂದು ಹೇಳಿಬಿಟ್ಟಿದ್ದೆ.

"ಎಷ್ಟು ದೂರ?"

"ನೇರ ಗೆರೆ ಎಳೆದ್ರೆ ಐದು ಸಾವಿರದ ಮುನ್ನೂರು ಕಿಲೋಮೀಟರ್ ಅಪ್ಪ. ಆದ್ರೆ ವಿಮಾನ ನೇರ ಬರಲ್ಲ. ಮಗದಾನ್‌ನಿಂದ ಖಬಾರೊವ್ಸ್ಕ್ ಎರಡೂವರೆ ಗಂಟೆ, ಅಲ್ಲಿಂದ ನೊವೊಸಿಬಿರ್ಸ್ಕ್ ಐದು ಗಂಟೆ, ಅಲ್ಲಿಂದ ಫ್ರುಂಜೆ ಎರಡೂ ಕಾಲು. ಸುತ್ತಿ ಸುತ್ತಿ ಆರು ಸಾವಿರದ ಎಂಟುನೂರು ಆಗತ್ತೆ."

"ಕುದುರೆ ಮೇಲಾದ್ರೆ?"

"ದಿನಕ್ಕೆ ಐವತ್ತು ಕಿಲೋಮೀಟರ್ ಹಿಡಿದ್ರೂ ನೂರಾ ಮೂವತ್ತಾರು ದಿನ."

"ಕುದುರೆ ಬದಲಾಯಿಸ್ಕೊಂಡು ಬಂದ್ರೆ?"

"ಕುದುರೆ ಬದಲಾಯಿಸ್ಬಹುದು, ಕೂತಿರೋರ ಸೊಂಟ ಬದಲಾಯ್ಸಕ್ಕಾಗತ್ತಾ?"

ಅಪ್ಪನಿಗೆ ಅದು ಹಿಡಿಸಿತು. "ಈಗ ಎಲ್ಲಿದ್ದಾಳೆ?" ಎಂದು ಮತ್ತೆ ಕೇಳಿದರು. ಖಬಾರೊವ್ಸ್ಕ್‌ನಲ್ಲಿ ಬೆಂಚಿನ ಮೇಲೆ ಕೂತಿದ್ದಾಳೆ ಎಂದೆ. ಏನು ತಿಂದಳು ಎಂದು ಕೇಳಿದರು. ಕಡುಬು ಎಂದೆ. ಒಂದು ಸುಳ್ಳಿಗೆ ಕಡುಬು ತಿನ್ನಿಸುವಷ್ಟು ದೂರ ಬಂದಿದ್ದೆ.

ಬುಧವಾರ ಬೆಳಗ್ಗೆ ಹತ್ತಕ್ಕೆ ಅವಳ ತಂತಿ ಬಂತು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಓದಿದೆ.

"ತಂತಿ ಮಂಗಳವಾರ ರಾತ್ರಿ ಸಿಕ್ಕಿತು. ಅವತ್ತಿನ ವಿಮಾನ ಹೋಗಿತ್ತು. ಸೋಮವಾರ ತೀರಿಕೊಂಡವರನ್ನು ಬುಧವಾರ ದಾಟಿಸಬೇಡಿ. ನಾನು ಹೇಗೆ ಹೊರಟರೂ ಗುರುವಾರ ಸಾಯಂಕಾಲ. ಕಾಯಬೇಡಿ, ಮಣ್ಣು ಮಾಡಿ. ನಲವತ್ತನೆಯ ದಿನದ ಊಟಕ್ಕೆ ಬರುತ್ತೇನೆ. ಈ ಸಲ ನಿಜ ಬರೆದದ್ದು ಉಪಕಾರವಾಯಿತು ಎಂದು ಅಣ್ಣನಿಗೆ ಹೇಳಿ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹನ್ನೊಂದು ವರ್ಷ ಊರಿಗೆಲ್ಲ ವಿಮಾನದ ಗಂಟೆ ಎಣಿಸಿಕೊಟ್ಟವನು ನಾನು. ಮೂರನೇ ದಿನ ದಾಟಿಸದೆ ಮಣ್ಣು ಮಾಡುವ ಜನ ನಾವು ಎಂಬುದನ್ನು ಅದರ ಪಕ್ಕದಲ್ಲಿಟ್ಟು ಎಣಿಸಲಿಲ್ಲ. ಸತ್ತವರಿಗೆ ಹೊರಡುವವರು ಮೊದಲು ನೋಡುವುದು ಮುಖ ಸಿಗುತ್ತದೋ ಇಲ್ಲವೋ ಎಂದು. ಅವಳು ಎಣಿಸಿ ನೋಡಿದಳು, ಸಿಗುವುದಿಲ್ಲ ಎಂದು ತಿಳಿದಳು, ನಿಂತಳು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಇನ್ನು ಯಾವ ತಂತಿ ಬರೆಯಲಿ? ಸತ್ತಿದ್ದಾರೆ ಎಂದರೂ ಸತ್ತಿದ್ದಾರೆ, ಬದುಕಿದ್ದಾರೆ ಎಂದರೂ ಸತ್ತಿದ್ದಾರೆ. ನಮ್ಮ ಮನೆಯವರು ಬರೆಯಬಹುದಾದ ಮಾತುಗಳೆಲ್ಲ ಖರ್ಚಾಗಿಹೋಗಿದ್ದವು.

ಮನೆಗೆ ಬಂದಾಗ ಅಪ್ಪ ಭೂಪಟದ ಮೇಲೆ ಬೆರಳಿಟ್ಟು ಕೂತಿದ್ದರು.

"ನಿನ್ನೆ ಹೊರಟೋಳು ಇವತ್ತು ಬರ್ಬೇಕಲ್ಲ ತೊಲೊಮುಷ್. ನೊವೊಸಿಬಿರ್ಸ್ಕ್ ದಾಟಿದಳಾ?"

ಸೈರಾ ಅತ್ತೆ ಚಹಾದ ಬಟ್ಟಲು ಹಿಡಿದು ನನ್ನ ಮುಖ ನೋಡಿದಳು. ನನಗೆ ಇನ್ನೊಂದು ಊರಿನ ಹೆಸರು ಹೇಳುವ ಶಕ್ತಿ ಇರಲಿಲ್ಲ. ತಂತಿಯನ್ನು ಓದಿದೆ. ಓದಿ ಮುಗಿಸಿ ನಾನು ಕಳಿಸಿದ ತಂತಿಯನ್ನೂ ಹೇಳಿದೆ, ಡಾಕ್ಟರಮ್ಮನ ಮೊಹರನ್ನೂ ಹೇಳಿದೆ.

ಅಪ್ಪ ಭೂಪಟದ ಪುಸ್ತಕ ಮುಚ್ಚಿದರು. ಆಮೇಲೆ ಭುಜ ಕುಲುಕಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು.

"ಸೋಮವಾರವೇ ಸಾಯ್ಸಿಬಿಟ್ಟಿದ್ಯಾ? ಅದಕ್ಕೇ ನಿನ್ನೆಯಿಂದ ಚಹಾ ರುಚಿ ಇಲ್ಲ."

"ಅಪ್ಪ..."

"ಆರು ವರ್ಷ ನಂಗೆ ಬೀಳ್ಬೇಕಾದ ಬೈಗುಳ ನೀನು ತಿಂದೆ. ಈಗ ನಿನ್ನದೇ ಒಂದು ಸುಳ್ಳು ಹೇಳ್ದೆ. ಹೋಗ್ಲಿ ಬಿಡು, ಸಮ ಆಯ್ತು." ಉಸಿರಿಗೆ ನಿಂತು ಮತ್ತೆ ಹೇಳಿದರು: "ನಿಮ್ಮ ನಿಲ್ದಾಣದಲ್ಲಿ ಫೋನ್ ಇದೆಯಲ್ಲ? ನಾನೇ ಮಾತಾಡ್ತೀನಿ. ನಿನ್ನ ನಂಬ್ದೇ ಇದ್ರೂ ಸತ್ತೋನ ಬಾಯಿಂದ ಕೇಳಿದ್ರೆ ನಂಬ್ತಾಳೆ."

ನಮ್ಮಲ್ಲಿ ವಿಮಾನ ಇಲಾಖೆಯದೇ ಒಂದು ಲೈನು ಇತ್ತು. ನಮ್ಮಿಂದ ಫ್ರುಂಜೆ, ಅಲ್ಲಿಂದ ನೊವೊಸಿಬಿರ್ಸ್ಕ್, ಅಲ್ಲಿಂದ ಖಬಾರೊವ್ಸ್ಕ್, ಅಲ್ಲಿಂದ ಮಗದಾನ್. ಸ್ವಂತ ಮಾತಿಗೆ ಅದನ್ನು ಮುಟ್ಟುವ ಹಾಗಿಲ್ಲ. ಸೈರಾ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಮನೆಯಲ್ಲಿ ಸಾಯಬೇಕಾದ ಮನುಷ್ಯನನ್ನು ಟಿಕೆಟ್ ಕೋಣೆಗೆ ಒಯ್ಯುವುದು ಯಾವ ಊರ ಮರ್ಯಾದೆ ಎಂದು ಕೂಗಾಡಿದಳು. ಅಪ್ಪ ಕೈ ಎತ್ತಿದರು, ಅವಳು ದಾರಿ ಬಿಟ್ಟಳು. ಲಾರಿಯ ಹಿಂದೆ ಉಣ್ಣೆಯ ಹಾಸು ಹಾಸಿ ಮಲಗಿಸಿದೆವು. ಡಾಕ್ಟರಮ್ಮ ಸೂಜಿಯ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ ಕೂತರು. ಹನ್ನೊಂದು ಕಿಲೋಮೀಟರ್ ದಾರಿಗೆ ಒಂದು ಗಂಟೆ ಹಿಡಿಯಿತು, ಪ್ರತಿ ಗುಂಡಿಯಲ್ಲೂ ಲಾರಿ ನಿಲ್ಲಿಸಿ ಅಪ್ಪನಿಗೆ ಉಸಿರು ಬರುವವರೆಗೆ ಕಾದೆವು.

ನನ್ನ ಕೋಣೆಯ ಬೆಂಚಿನ ಮೇಲೆ, ಫೋನಿನ ಪಕ್ಕ, ಅಪ್ಪನನ್ನು ಮಲಗಿಸಿದೆ. ನಿಲ್ದಾಣದ ಮುಖ್ಯಸ್ಥ ಒಳಗೆ ಬಂದ, ನೋಡಿದ, ಬಾಗಿಲು ಎಳೆದುಕೊಂಡು ಹೋದ. ಹನ್ನೊಂದು ವರ್ಷದಲ್ಲಿ ಅವನು ಮಾಡಿದ ಒಳ್ಳೆಯ ಕೆಲಸ ಅದು.

ನಾಲ್ಕು ಊರಿನ ನಾಲ್ಕು ಹೆಂಗಸರು ಒಬ್ಬರಾದ ಮೇಲೊಬ್ಬರು ಲೈನು ಕೊಡಬೇಕು. ಎಲ್ಲರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ, ಯಾಕೋ ಗೊತ್ತಿಲ್ಲದವರಿಗೆ ಹೇಳುವುದು ಸುಲಭವಾಯಿತು. ಮಗದಾನ್‌ನ ಹೆಂಗಸು ಬ್ರೆಡ್ ಕಾರ್ಖಾನೆಗೆ ಫೋನು ಮಾಡಿ ಜಿಪಾರ್‌ನನ್ನು ನಿಲ್ದಾಣಕ್ಕೆ ಕರೆಸಿದಳು. ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆ, ಅಲ್ಲಿ ಸಂಜೆ ಆರು.

"ಯಾರು?" ಎಂದಳು ಜಿಪಾರ್. ದನಿ ಬಾವಿಯ ತಳದಿಂದ ಬಂದ ಹಾಗಿತ್ತು.

ನಾನು ರಿಸೀವರನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದೆ.

"ನಾನು ಕಣಮ್ಮ. ಸತ್ತಿಲ್ಲ ಇನ್ನೂ."

ಆ ಕಡೆ ಏನೂ ಇಲ್ಲ. ಮಾತು ಅಲ್ಲಿ ಹೋಗಿ ಬರಲು ಹೊತ್ತು ಬೇಕು, ಆದರೆ ಇಷ್ಟಲ್ಲ.

"ಯಾರಿದು? ಯಾರು ಅಂತ ಹೇಳಿ. ಇಂಥದ್ರಲ್ಲಿ ತಮಾಷೆ ಮಾಡ್ಬೇಡಿ."

"ನಾಲ್ಕು ವರ್ಷದೋಳಿದ್ದಾಗ ಬೂದು ಕುದುರೆ ಮೇಲಿಂದ ಬಿದ್ದು ಹಲ್ಲು ಮುರ್ಕೊಂಡೆ. ಅಮ್ಮಂಗೆ ಹೇಳ್ಬೇಡ ಅಂತ ನಂಗೆ ಒಂದು ಸಕ್ಕರೆ ಗಟ್ಟಿ ಲಂಚ ಕೊಟ್ಟೆ. ನಾನು ಇನ್ನೂ ಹೇಳಿಲ್ಲ."

ಜಿಪಾರ್ ಕಿರುಚಿದಳು. ಆ ಕಿರುಚಾಟ ಸೈಬೀರಿಯಾ ದಾಟಿ ಬಂದು ನನ್ನ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಆಮೇಲೆ ಒಂದೇ ಸಮ ಬೈದಳು. ನನ್ನನ್ನೇ. ಕಿವಿಗೆ ಹಿತವಾಗಿತ್ತು. "ಸೀಟು ಇಟ್ಟಿದ್ದಾರೆ ನಂಗೆ, ಎಂಟೂ ಇಪ್ಪತ್ತಕ್ಕೆ ವಿಮಾನ. ಹೀಗೇ ಹತ್ತುತ್ತೀನಿ, ಕೋಟೂ ಬೇಡ. ಅಪ್ಪ, ಇರು. ಬಂದೆ."

ಅಪ್ಪ ನನ್ನ ಕಡೆ ತಿರುಗಿದರು. "ಎಷ್ಟು ಹೊತ್ತು? ನಿಜ ಹೇಳು ಈಗ."

ಟಿಕೆಟ್ ಕಿಟಕಿಯಲ್ಲಿ ಕೂತು ಸಾವಿರ ಸಲ ಹೇಳಿದ ಮಾತು. ಹೇಳಲು ಇಷ್ಟು ಭಾರವಾದದ್ದು ಒಂದೇ ಸಲ.

"ಹಾರೋದು ಹತ್ತೂವರೆ ಗಂಟೆ. ಬೆಂಚಿನ ಮೇಲೆ ಹದಿನೈದೂವರೆ. ಒಟ್ಟು ಇಪ್ಪತ್ತಾರು. ನಾಳೆ ಸಾಯಂಕಾಲ ಐದೂ ಕಾಲಿಗೆ ಇಲ್ಲಿ ಇಳೀತಾಳೆ, ಮೋಡ ಮುಚ್ಚದಿದ್ರೆ."

ಅಪ್ಪ ಡಾಕ್ಟರಮ್ಮನನ್ನು ನೋಡಿದರು. ಡಾಕ್ಟರಮ್ಮ ಕಿಟಕಿಯಾಚೆ ನೋಡಿದರು.

"ಹತ್ಬೇಡ ಜಿಪಾರ್," ಎಂದರು ಅಪ್ಪ. "ಅಷ್ಟು ಹೊತ್ತು ನನ್ನಿಂದ ಆಗಲ್ಲ. ನೀನು ವಿಮಾನದಲ್ಲಿ ಕೂತ್ರೆ ನಾನು ಯಾರ ಹತ್ರ ಮಾತಾಡ್ಲಿ? ಆಕಾಶದಲ್ಲಿ ಫೋನಿಲ್ಲ. ಅಲ್ಲೇ ಇರು. ಅಲ್ಲಿದ್ರೆ ನೀನು ಹತ್ರ ಇರ್ತೀಯ."

"ಮತ್ತೆ ಮುಖ ನೋಡೋದು ಬೇಡ್ವಾ? ಅಮ್ಮಂದೂ ಇಲ್ಲ, ನಿಂದೂ ಇಲ್ವಾ?"

"ಮುಖದಲ್ಲೇನಿದೆ, ಗಡ್ಡ ಬೋಳಿಸಿ ನಾಲ್ಕು ದಿನ ಆಯ್ತು. ಕೇಳು. ಅಮ್ಮ ಹೋದಾಗ ಆ ತಂತಿ ಬರೆಸಿದ್ದು ನಾನು. ನಿನ್ನಣ್ಣ ನಿಜ ಬರೀತೀನಿ ಅಂದ. ನಾನೇ ಬಿಡ್ಲಿಲ್ಲ. ನೀನು ಅವನನ್ನ ಬೈಯೋವಾಗ ಸುಮ್ನೆ ನಿಂತಿದ್ದೆ. ಮನ್ನಿಸ್ತೀಯಾ?"

ಲೈನಿನಲ್ಲಿ ಗಾಳಿಯಂಥ ಸದ್ದು. ಅದರ ನಡುವೆ ಅವಳ ದನಿ ಬಂತು, ಸಣ್ಣದಾಗಿ.

"ಹೇಳಲ್ಲ."

"ಜಿಪಾರ್."

"ಹೇಳಿದ್ರೆ ನೀನು ಹೋಗ್ಬಿಡ್ತೀಯ. ಅದಕ್ಕೇ ಕಾಯ್ತಿದ್ದೀಯ ಅಂತ ಗೊತ್ತು ನಂಗೆ. ನಾನು ಹೇಳಲ್ಲ. ಇಟ್ಕೊಂಡಿರ್ತೀನಿ."

"ನಿಮ್ಮಮ್ಮನ ಮಗಳು," ಎಂದು ಅಪ್ಪ ಕಣ್ಣು ಮುಚ್ಚಿದರು. ಸೋತ ಮುಖವಲ್ಲ, ಆದರೆ ಸಾಕಾಗಿದ್ದ ಮುಖ.

ಅವಳು ಹತ್ತಲಿಲ್ಲ. ಮಗದಾನ್ ನಿಲ್ದಾಣದಲ್ಲೇ ಕೂತಳು, ನಾವು ನಮ್ಮ ನಿಲ್ದಾಣದಲ್ಲಿ ಕೂತೆವು. ಆ ಎಂಟೂ ಇಪ್ಪತ್ತರ ವಿಮಾನದಲ್ಲಿ ಅವಳ ಸೀಟು ಖಾಲಿ ಬಂತೋ, ಕಾಯಿಲೆಯ ತಂತಿ ಹಿಡಿದ ಯಾರಿಗಾದರೂ ಸಿಕ್ಕಿತೋ ನನಗೆ ಗೊತ್ತಿಲ್ಲ. ನಾಲ್ಕು ಗಂಟೆಗೆ ಮತ್ತೆ ಲೈನು ಸಿಕ್ಕಿತು. ಅಪ್ಪ ಸಮುದ್ರ ಹೇಗಿರುತ್ತದೆ ಎಂದು ಕೇಳಿದರು, ಅವರು ಜನ್ಮದಲ್ಲಿ ನೋಡಿದವರಲ್ಲ. ಅಂಚಿನಲ್ಲಿ ಹೆಪ್ಪುಗಟ್ಟಲು ಶುರುವಾಗಿದೆ, ಸೀಲ್ ಪ್ರಾಣಿಗಳು ದೂರ ಹೋಗುತ್ತಿವೆ ಎಂದು ಅವಳು ಹೇಳಿದಳು. ಅದರ ನೀರನ್ನು ಕುದುರೆ ಕುಡಿಯುತ್ತದೆಯೇ ಎಂದು ಕೇಳಿದರು. ಇಲ್ಲ, ಉಪ್ಪು ಎಂದಳು. ಅಷ್ಟು ನೀರು ಇಟ್ಟುಕೊಂಡು ಏನು ಪ್ರಯೋಜನ ಎಂದರು ಅಪ್ಪ. ಮನ್ನಿಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಇಬ್ಬರೂ ಅದರ ಸುತ್ತಲೇ ಓಡಾಡುತ್ತಿದ್ದರು.

ಗುರುವಾರ ಬೆಳಗ್ಗೆ ಎಂಟಕ್ಕೆ ಮೂರನೇ ಸಲ. ಆಗಲೇ ಅಪ್ಪನ ಮಾತು ತುಂಡಾಗಿತ್ತು. ಜಿಪಾರ್ ಒಬ್ಬಳೇ ಆಡಿದಳು. ಮುಗಿಸಿದ ಮೇಲೆ ನನ್ನನ್ನು ಕೇಳಿದಳು.

"ಅಣ್ಣ, ನಾನು ಹತ್ಬೇಕಿತ್ತಾ?"

"ಹತ್ತಿದ್ರೆ ಈಗ ನೊವೊಸಿಬಿರ್ಸ್ಕ್‌ನಲ್ಲಿ ಕೂತಿರ್ತಿದ್ದೆ. ಇನ್ನೂ ಐದು ಗಂಟೆ ಬೆಂಚು."

"ನಂಗೆ ನಿನ್ನ ಮೇಲೆ ಆರು ವರ್ಷ ಸುಮ್ನೆ ಕೋಪ ಇತ್ತಲ್ಲ."

"ಈಗ ಸುಮ್ನೆ ಅಲ್ಲ. ಈಗ ಸರಿಯಾದ ಕಾರಣ ಕೊಟ್ಟಿದ್ದೀನಿ."

ಅವಳು ನಗಲು ನೋಡಿದಳು, ಆಗಲಿಲ್ಲ. "ಹೇಳ್ಬಿಡ್ಲಾ?" ಎಂದು ಕೇಳಿದಳು. ಏನನ್ನು ಎಂದು ನಾನು ಕೇಳಬೇಕಾಗಿರಲಿಲ್ಲ. ಆಗ ನಾನು ಹೂಂ ಅನ್ನಬೇಕಿತ್ತು. ರಿಸೀವರನ್ನು ಆ ಕ್ಷಣವೇ ಅಪ್ಪನ ಕಿವಿಗೆ ಇಡಬೇಕಿತ್ತು. "ಸ್ವಲ್ಪ ನಿದ್ದೆ ಮಾಡ್ಲಿ, ಮುಂದಿನ ಸಲ ಹೇಳು" ಎಂದುಬಿಟ್ಟೆ. ನನಗೂ ಅಪ್ಪ ಇನ್ನೂ ಸ್ವಲ್ಪ ಇರಲಿ ಅನ್ನಿಸಿತ್ತು. ಇದನ್ನು ಯಾರಿಗೂ ಹೇಳಿಲ್ಲ.

ಹನ್ನೊಂದೂ ಕಾಲಿಗೆ ಫೋನು ಬಡಿಯಿತು. ಫ್ರುಂಜೆಯ ಹೆಂಗಸು, ನೊವೊಸಿಬಿರ್ಸ್ಕ್‌ನ ಹೆಂಗಸು, ಖಬಾರೊವ್ಸ್ಕ್‌ನ ಹೆಂಗಸು, ಯಾರೂ ಎಷ್ಟು ನಿಮಿಷ ಎಂದು ಕೇಳಲಿಲ್ಲ. ಸೈರಾ ಅತ್ತೆ ಕಾಲ ಬುಡದಲ್ಲಿ ಕೂತಿದ್ದಳು. ಡಾಕ್ಟರಮ್ಮ ಅಪ್ಪನ ಮಣಿಕಟ್ಟು ಹಿಡಿದುಕೊಂಡಿದ್ದರು. ಅಪ್ಪನ ಉಸಿರು ದೂರದೂರ ಬರುತ್ತಿತ್ತು. ನಾನು ಮಂಡಿಯೂರಿ ರಿಸೀವರನ್ನು ಅವರ ಕಿವಿಗೆ ಒತ್ತಿ ಹಿಡಿದೆ.

"ಅಪ್ಪ, ನಾನು. ಇಲ್ಲಿ ಹಿಮ ಬೀಳ್ತಿದೆ. ಕಾರ್ಖಾನೆಯೋರು ಬಿಸಿ ಬ್ರೆಡ್ ಕಳ್ಸಿದ್ದಾರೆ, ನಿಲ್ದಾಣದ ಹೆಂಗಸರೆಲ್ಲ ತಿಂತಿದ್ದಾರೆ. ನಿಂಗೆ ಇಷ್ಟ ಆಗ್ತಿತ್ತು, ಮೇಲಿನ ಚೂರು ಗರಿಗರಿ ಇರತ್ತೆ..."

ಡಾಕ್ಟರಮ್ಮ ಅಪ್ಪನ ಕೈಯನ್ನು ಮೆಲ್ಲಗೆ ಹಾಸಿನ ಮೇಲೆ ಇಟ್ಟರು. ಎದ್ದು ನಿಂತರು. ನನ್ನನ್ನು ನೋಡಿ ಇಲ್ಲ ಎಂದು ತಲೆಯಾಡಿಸಿದರು.

ಸೈರಾ ಅತ್ತೆಯ ಬಾಯಿ ತೆರೆದದ್ದು ಕಂಡಿತು. ನಾನು ಕೈ ಎತ್ತಿದೆ. ಅವಳು ತಲೆವಸ್ತ್ರವನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು.

"ಅಪ್ಪ? ಕೇಳಿಸ್ತಿದೆಯಾ? ಅಣ್ಣ, ಫೋನ್ ಬಾಯಿ ಹತ್ರ ಹಿಡಿ."

ನಾನು ರಿಸೀವರನ್ನು ನನ್ನ ಬಾಯಿಯ ಹತ್ತಿರ ತಂದೆ. ಹೇಳಿಬಿಡುವುದಕ್ಕೇ ತಂದೆ. ಈ ಸಲ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದೇ ಬಾಯಿ ತೆರೆದೆ. ಮಾತು ಏಳಲಿಲ್ಲ.

"ಹಾಂ, ಉಸಿರು ಕೇಳ್ತಿದೆ," ಎಂದಳು ಜಿಪಾರ್. "ನೀನು ಮಾತಾಡ್ಬೇಡ ಅಪ್ಪ. ನಾನೇ ಹೇಳ್ತೀನಿ. ಇಟ್ಕೊಂಡಿದ್ದೆ, ಇನ್ನು ಇಟ್ಕೊಳಲ್ಲ. ಮನ್ನಿಸಿದೆ. ಆ ತಂತಿನೂ ಮನ್ನಿಸಿದೆ, ಎಲ್ಲಾನೂ ಮನ್ನಿಸಿದೆ. ಆರು ವರ್ಷ ಬರ್ಲಿಲ್ಲ ನಾನು. ನೀನೂ ನನ್ನ ಮನ್ನಿಸಿದ್ರೆ ಒಂದು ಸಲ ಜೋರಾಗಿ ಉಸಿರು ಬಿಡು. ಅಷ್ಟು ಸಾಕು ನಂಗೆ."

ಅಪ್ಪನ ಬಾಯಿ ಸ್ವಲ್ಪ ತೆರೆದಿತ್ತು. ನಾನು ಎಡಗೈಯಿಂದ ಅವರ ಗಲ್ಲವನ್ನು ಮೇಲಕ್ಕೊತ್ತಿ ಹಿಡಿದೆ, ರಿಸೀವರನ್ನು ಇನ್ನೂ ಹತ್ತಿರ ತಂದುಕೊಂಡೆ, ಎದೆ ತುಂಬ ಗಾಳಿ ಎಳೆದುಕೊಂಡು ಅದರೊಳಗೆ ಜೋರಾಗಿ ಉಸಿರು ಬಿಟ್ಟೆ.